ಹದಿನೇಳೂವರೆ ಗ್ರಾಂ ಬೆಳ್ಳಿಯ ಹುಚ್ಚು

ನಾಣ್ಯ ಕೂಡಿಡ್ತೀನಿ ಅಂದ ತಕ್ಷಣ ಜನ ಎರಡರಲ್ಲಿ ಒಂದು ಪ್ರಶ್ನೆ ಕೇಳೇ ಕೇಳ್ತಾರೆ. "ಟಿಪ್ಪು ಕಾಲದ್ದು ಇದೆಯಾ?" ಅನ್ನೋದು ಒಂದು. "ಈಗ ಮಾರಿದ್ರೆ ಎಷ್ಟು ಬರುತ್ತೆ?" ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ನನ್ನ ಉತ್ತರ, ಇಲ್ಲ. ಟಿಪ್ಪುವಿನ ಹೈದರಿ, ಅಂದರೆ ಎರಡು ರೂಪಾಯಿಯ ಆ ದಪ್ಪ ಬೆಳ್ಳಿ ನಾಣ್ಯವನ್ನು ಗಾಜಿನ ಈಚೆ ನಿಂತು ನೋಡಿ ಖುಷಿಪಟ್ಟಿದ್ದೇನೆ, ಅಷ್ಟೇ. ಚಿಕ್ಕಬಾಣಾವರದಲ್ಲಿ ಎರಡು ಬೆಡ್‌ರೂಮಿನ ಮನೆಗೆ ತಿಂಗಳು ತಿಂಗಳು ಇಎಂಐ ಕಟ್ಟುವವನ ಜೇಬಿಗೆ ಅದು ಹತ್ತುವುದಿಲ್ಲ. ನಾನು ಕೂಡಿಡುವುದು ಈಚಿನ ಐವತ್ತು ಅರವತ್ತು ವರ್ಷಗಳಲ್ಲಿ ಭಾರತ ಸರ್ಕಾರವೇ ಯಾವುದಾದರೂ ನೆನಪಿಗಾಗಿ ಟಂಕಿಸಿದ ಬೆಳ್ಳಿ ನಾಣ್ಯಗಳನ್ನು. ಗಾಂಧಿ ಶತಮಾನೋತ್ಸವ, ಏಷ್ಯನ್ ಗೇಮ್ಸ್, ಬಸವೇಶ್ವರರು, ಹೊಸ ಸಂಸತ್ ಭವನ, ಹೀಗೆ. ಎರಡು ವೀಕೆಂಡ್ ಸ್ವಿಗ್ಗಿ ಬಿಟ್ಟರೆ ಒಂದು ನಾಣ್ಯ ಬರುತ್ತಿದ್ದ ಕಾಲವಿತ್ತು. ಬೆಳ್ಳಿ ಏರಿದ ಮೇಲೆ ನಾಲ್ಕೈದು ವೀಕೆಂಡ್ ಬಿಡಬೇಕು.

ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಈ ಸಲದ ಅಂಕಣ ಪೂರ್ತಿ ಅದೇ ಅಂತ ಅಂದುಕೊಳ್ಳಿ.

ನಮ್ಮಲ್ಲಿ ಸ್ಮರಣಾರ್ಥ ನಾಣ್ಯ ಶುರುವಾಗಿದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. ಅದು ನಿಕ್ಕಲ್. ಬೆಳ್ಳಿ ಬಂದಿದ್ದು ಗಾಂಧಿ ಹುಟ್ಟಿ ನೂರು ವರ್ಷವಾದ 1969ರಲ್ಲಿ. ಹತ್ತು ರೂಪಾಯಿ ಮುಖಬೆಲೆ, 15 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 80 ಭಾಗ ಬೆಳ್ಳಿ. ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ. ನಾಣ್ಯದ ಮೇಲೆ 1969 ಅಂತ ಹುಡುಕಬೇಡಿ, ಸಿಗಲ್ಲ. 1869–1948 ಅಂತಲೇ ಇರುತ್ತೆ. ಇದನ್ನು ನೋಡಿ "ಇದು ಬ್ರಿಟಿಷರ ಕಾಲದ್ದು, 1869ರದ್ದು" ಅಂತ ಮಾರಲು ಬರುವವರೂ ಇದ್ದಾರೆ. ಗಾಂಧಿ ಹುಟ್ಟಿದ ವರ್ಷವೇ ಗಾಂಧಿ ನಾಣ್ಯ ಟಂಕಿಸಿದ್ದರಂತೆ!

ಮರುವರ್ಷ ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಾಗಿ ಬಂದ ಹತ್ತು ರೂಪಾಯಿಯೂ ಅದೇ 80 ಭಾಗದ್ದು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ನಾಣ್ಯ ಬಂತು. ಹೆಸರು ಬೆಳ್ಳಿಹಬ್ಬ, ಆದರೆ ಬೆಳ್ಳಿ ಮಾತ್ರ ಅರ್ಧಕ್ಕೆ ಇಳಿದಿತ್ತು. ನಾಣ್ಯದ ಸೈಜು ದೊಡ್ಡದಾಯಿತು, 22.5 ಗ್ರಾಂ ತೂಗಿತು, ಒಳಗಿದ್ದದ್ದು 11.25 ಗ್ರಾಂ ಬೆಳ್ಳಿ. ಆಮೇಲೆ 1980ರ ದಶಕದಿಂದ ನಮಗೆಲ್ಲ ಪರಿಚಯದ ನೂರು ರೂಪಾಯಿಯ ದೊಡ್ಡ ಬಿಲ್ಲೆ: 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ. ಬೆಳ್ಳಿ 50 ಭಾಗ, ತಾಮ್ರ 40, ನಿಕ್ಕಲ್ 5, ಸತು 5. ಅರ್ಧ ಅಂದರೆ ಹದಿನೇಳೂವರೆ ಗ್ರಾಂ. 1982ರ ಏಷ್ಯನ್ ಗೇಮ್ಸ್ ನೂರು ರೂಪಾಯಿಯಿಂದ ಹಿಡಿದು 2023ರ ಮೇ 28ರಂದು ಬಿಡುಗಡೆಯಾದ ಸಂಸತ್ ಭವನದ 75 ರೂಪಾಯಿ ನಾಣ್ಯದವರೆಗೂ ಇದೇ ರೆಸಿಪಿ.

ಈ ರೆಸಿಪಿ ಎಲ್ಲಿಂದ ಬಂತು ಅಂತ ಹುಡುಕಿದಾಗ ನನಗೆ ಮಜಾ ಅನ್ನಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬ್ರಿಟಿಷರು ಭಾರತದ ರೂಪಾಯಿಯಲ್ಲಿದ್ದ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದರು. ಆಗ ಬಳಸಿದ್ದೂ ಇದೇ 50-40-5-5. ಯುದ್ಧಕಾಲದ ಉಳಿತಾಯದ ಮಿಶ್ರಣ ನಮ್ಮ ಹಬ್ಬದ ನಾಣ್ಯಗಳಲ್ಲಿ ಇನ್ನೂ ಉಳಿದುಕೊಂಡಿತ್ತು. ನಮ್ಮ ಕೋಡ್‌ಬೇಸ್‌ನಲ್ಲಿ ಹದಿನೈದು ವರ್ಷದ ಹಿಂದೆ ಯಾರೋ "ತಾತ್ಕಾಲಿಕ" ಅಂತ ಕಾಮೆಂಟ್ ಬರೆದು ಬಿಟ್ಟುಹೋದ ಫಂಕ್ಷನ್ ಇರುತ್ತಲ್ಲ, ಥೇಟ್ ಹಾಗೆ. ರಿಸರ್ವ್ ಬ್ಯಾಂಕಿನ ತೊಂಬತ್ತನೇ ವರ್ಷಕ್ಕೆ 2024ರ ಏಪ್ರಿಲ್ 1ರಂದು ಬಂದ 90 ರೂಪಾಯಿ ನಾಣ್ಯದಲ್ಲಿ ಅದು ಬದಲಾಯಿತು: 40 ಗ್ರಾಂ, ಶುದ್ಧ ಬೆಳ್ಳಿ. ಚೆನ್ನಾಗಿದೆ, ಆದರೆ ಬೆಲೆಯೂ ಅದಕ್ಕೆ ತಕ್ಕಂತೆ. ನನ್ನ ಮಟ್ಟಿಗೆ "ಅಗ್ಗದ ಹವ್ಯಾಸ" ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಹಳೆಯದರ ಬೆನ್ನು ಹತ್ತುವುದೇ ಈಗ ದಾರಿ.

ನಮ್ಮ ಕೆಳಗಿನ ಮನೆಯ ಅಂಕಲ್ ಪೀಣ್ಯದಲ್ಲಿ ಡೈ ಫಿಟ್ಟರ್. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಶೀಟ್ ಮೆಟಲ್ ಪಾರ್ಟ್ಸ್‌ಗೆ ಪಂಚು, ಡೈ ಮಾಡಿಕೊಡುವ ಶಾಪ್‌ನಲ್ಲಿದ್ದಾರೆ. ಒಂದು ಭಾನುವಾರ ನನ್ನ ಬಸವೇಶ್ವರ ನಾಣ್ಯ ತೋರಿಸಿದೆ. 2006ರಲ್ಲಿ ಹೊರಬಂದದ್ದು ಅದು. ಅದರ ಐದು ರೂಪಾಯಿಯದ್ದು ಆಗ ಬಸ್‌ನಲ್ಲಿ ಚಿಲ್ಲರೆಗೂ ಸಿಗುತ್ತಿತ್ತು, ನನ್ನ ಹತ್ತಿರ ಇರುವುದು ನೂರರ ಬೆಳ್ಳಿಯದ್ದು. ಅಂಕಲ್ ಬಸವಣ್ಣನವರನ್ನು ನೋಡಲೇ ಇಲ್ಲ. ಮೊದಲು ಅಂಚು ನೋಡಿದರು.

"ಈ ಗೆರೆ ಆಮೇಲೆ ಕೊರೆದಿದ್ದಲ್ಲ ಕಣಪ್ಪ," ಅಂದರು. "ಹೊಡೆಯೋವಾಗ್ಲೇ ಬಂದಿರೋದು. ಸುತ್ತ ಕಾಲರ್ ಇರುತ್ತೆ, ಬ್ಲ್ಯಾಂಕ್ ಮೇಲೆ ಪ್ರೆಸ್ ಬಿದ್ದಾಗ ಲೋಹ ಹರಡಿ ಆ ಕಾಲರ್‌ನ ಹಲ್ಲಿಗೆ ಕೂರುತ್ತೆ."

ಆ ಹಲ್ಲುಗಳು 200. ಇದು ಗೆಜೆಟ್‌ನಲ್ಲೇ ಇರುತ್ತೆ. ಪ್ರತಿ ಸ್ಮರಣಾರ್ಥ ನಾಣ್ಯಕ್ಕೂ ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸುತ್ತೆ. ಅದರಲ್ಲಿ ತೂಕ, ಅಗಲ, ಲೋಹದ ಪಾಲು, ಅಂಚಿನ ಗೆರೆ, ಮುಂದೆ ಏನು, ಹಿಂದೆ ಏನು, ಎಲ್ಲಾ ಬರೆದಿರುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸ್ಪೆಕ್ ಡಾಕ್ಯುಮೆಂಟ್, ಅದೂ ಪುಕ್ಕಟೆ. ಕೊಳ್ಳುವ ಮುಂಚೆ ಅದನ್ನು ಓದಿಕೊಂಡು ಹೋದರೆ ಅರ್ಧ ಮೋಸ ಅಲ್ಲೇ ತಪ್ಪುತ್ತೆ. ಜೇಬಲ್ಲಿ ಹಿಡಿಯುವ ಒಂದು ಡಿಜಿಟಲ್ ತಕ್ಕಡಿ, ಒಂದು ವರ್ನಿಯರ್, ಒಂದು ಭೂತಗನ್ನಡಿ ಇದ್ದರೆ ಸಾಕು. ವರ್ನಿಯರ್ ಅಂಕಲ್ ಕೊಟ್ಟಿದ್ದಾರೆ. "ನಿನ್ ಹತ್ರ ಇರೋ ಪ್ಲಾಸ್ಟಿಕ್‌ದು ಆಟದ ಸಾಮಾನು" ಅಂತ ಬೈದು ಕೊಟ್ಟಿದ್ದು.

ನಕಲಿ ನಾಣ್ಯ ಹಿಡಿಯುವುದು ಹೇಗೆ ಅಂತಲೂ ಅವರೇ ಹೇಳಿಕೊಟ್ಟರು. ಅಚ್ಚಿಗೆ ಎರಕ ಹೊಯ್ದು ಮಾಡಿದ್ದಾದರೆ ಮೇಲ್ಮೈ ಸಣ್ಣ ಸಣ್ಣ ರವೆಯ ಹಾಗೆ ಇರುತ್ತೆ, ಅಂಚಿನಲ್ಲಿ ಎರಡು ಭಾಗ ಕೂಡಿದ ಗೆರೆ ಕಾಣುತ್ತೆ. ಪ್ರೆಸ್‌ನಲ್ಲಿ ಹೊಡೆದಿದ್ದಾದರೆ ಅಕ್ಷರದ ಬದಿ ಚೂಪಾಗಿ ನಿಂತಿರುತ್ತೆ. ಪ್ರೂಫ್ ಅಂತ ಒಂದು ಬಗೆ ಇದೆಯಲ್ಲ, ಹಿನ್ನೆಲೆ ಕನ್ನಡಿ, ಚಿತ್ರ ಮಂಜು ಹಿಡಿದ ಹಾಗೆ, ಅದಕ್ಕೆ ಡೈಯನ್ನು ಕನ್ನಡಿಯಷ್ಟು ಪಾಲಿಶ್ ಮಾಡಿ, ಒಂದಕ್ಕಿಂತ ಹೆಚ್ಚು ಸಲ ಹೊಡೆಯುತ್ತಾರೆ. ಡಬ್ಬಿಯಲ್ಲಿ ಬರುತ್ತೆ, ಬೆಲೆ ಜಾಸ್ತಿ. ನಾನು ಸಾಮಾನ್ಯವಾಗಿ ಅನ್‌ಸರ್ಕ್ಯುಲೇಟೆಡ್ ಅನ್ನುವುದನ್ನೇ ಕೊಳ್ಳುವುದು. ಬೆಳ್ಳಿ ಅಷ್ಟೇ, ದುಡ್ಡು ಕಡಿಮೆ.

ವರ್ಷದ ಕೆಳಗೆ ಟಂಕಸಾಲೆಯ ಗುರುತು ನೋಡಿ. ಚೌಕಳಿ ವಜ್ರದ ಆಕಾರ ಅಥವಾ ಇಂಗ್ಲಿಷಿನ 'ಎಂ' ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದು ಗೊತ್ತಾದ ಮೇಲೆ ನಿಮ್ಮ ಪರ್ಸಿನಲ್ಲಿರುವ ಐದು ರೂಪಾಯಿಯನ್ನೂ ತಿರುಗಿಸಿ ನೋಡದೇ ಇರಲಾರಿರಿ. (ಹಳೆಯ ಮುಂಬೈ ನಾಣ್ಯಗಳಲ್ಲಿ ಚುಕ್ಕೆ, 'ಬಿ' ಅಕ್ಷರವೂ ಬರುತ್ತೆ. ನೋಯ್ಡಾ ಟಂಕಸಾಲೆ ಶುರುವಾಗಿದ್ದೇ 1988ರಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಚುಕ್ಕೆ ನೋಡಿ ನೋಯ್ಡಾ ಅನ್ನಬೇಡಿ.)

ಈಗ ದುಡ್ಡಿನ ವಿಷಯ.

ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿರುವ ನನ್ನ ಕಾಲೇಜು ಗೆಳೆಯ ರಜೆಗೆ ಬಂದಾಗ ಚಾಕೊಲೇಟ್ ಬದಲು ನನಗೆ ಒಂದು ಹತ್ತು ಯೂರೋ ಬೆಳ್ಳಿ ನಾಣ್ಯ ತಂದುಕೊಟ್ಟ. ಜರ್ಮನಿಯಲ್ಲಿ 2002ರಿಂದ 2010ರವರೆಗೆ ಬಂದವು ಇವು. 18 ಗ್ರಾಂ, 925 ಬೆಳ್ಳಿ. ಬ್ಯಾಂಕಿಗೆ ಹೋಗಿ ಹತ್ತು ಯೂರೋ ಕೊಟ್ಟರೆ ಈ ಹತ್ತು ಯೂರೋ ಕೊಡುತ್ತಿದ್ದರಂತೆ, ಮುಖಬೆಲೆಗೇ. ಬೆಳ್ಳಿ ಬಿದ್ದರೆ ಹತ್ತು ಯೂರೋ ಎಲ್ಲೂ ಹೋಗಲ್ಲ, ಬೆಳ್ಳಿ ಏರಿದರೆ ಲಾಭ. ಬೆಳ್ಳಿ ತೀರಾ ಏರಿದಾಗ, 2011ರಲ್ಲಿ, ಅವರು ಮುಖಬೆಲೆಗೆ ಕೊಡುವ ನಾಣ್ಯಕ್ಕೆ ತಾಮ್ರ-ನಿಕ್ಕಲ್ ಹಾಕಿಬಿಟ್ಟರು. ಲೆಕ್ಕ ಗೊತ್ತಿರುವ ಜನ.

ನಮ್ಮ ನೂರು ರೂಪಾಯಿ ಬೆಳ್ಳಿ ನಾಣ್ಯಕ್ಕೆ ಆ ಆಸರೆ ಇಲ್ಲ. ಟಂಕಸಾಲೆ ಅದನ್ನು ನೂರಕ್ಕೆ ಕೊಡುವುದಿಲ್ಲ, ಕೆಲವು ಸಾವಿರಕ್ಕೆ ಕೊಡುತ್ತೆ. ಮುಖಬೆಲೆ ಹೆಸರಿಗಷ್ಟೇ. ಲೆಕ್ಕ ಸುಲಭವಾಗಲಿ ಅಂತ ಗ್ರಾಂ ಬೆಳ್ಳಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ, ನೀವು ಓದುವ ದಿನದ ದರ ಹಾಕಿ ಗುಣಿಸಿಕೊಳ್ಳಿ. ಹದಿನೇಳೂವರೆ ಗ್ರಾಂಗೆ 1,750 ರೂಪಾಯಿ. ನೀವು ಅದಕ್ಕಿಂತ ಮೇಲೆ ಕೊಟ್ಟಿದ್ದೆಲ್ಲ ಡಬ್ಬಿಗೆ, ಕೆಲಸಕ್ಕೆ, ತೆರಿಗೆಗೆ, ನೆನಪಿಗೆ. ಅದು ವಾಪಸ್ ಬರಬೇಕಾದರೆ ನಿಮ್ಮಷ್ಟೇ ಹುಚ್ಚಿರುವ ಇನ್ನೊಬ್ಬ ಬೇಕು. ಇನ್ವೆಸ್ಟ್‌ಮೆಂಟ್ ಬೇಕಿದ್ದರೆ ಸಿಲ್ವರ್ ಇಟಿಎಫ್ ಇದೆ, ಫೋನ್‌ನಲ್ಲೇ ಮುಗಿಯುತ್ತೆ. ನಾಣ್ಯ ಬೇಕಾದರೆ ನಾಣ್ಯ ಕೊಳ್ಳಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವವರನ್ನು ಹಿಡಿಯಲೆಂದೇ ಕಾದು ಕೂತವರಿದ್ದಾರೆ.

ಅವರ ವಿಷಯಕ್ಕೆ ಬರುತ್ತೇನೆ. ನಮ್ಮ ದೊಡ್ಡಮ್ಮ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇರುವುದು. ಒಂದಿಷ್ಟು ತೆಂಗಿನ ತೋಟ. ಹೋದ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ತೆಂಗಿಗೆ ನೀರಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮಕ್ಕಳನ್ನು ಕೇಳುವ ಸ್ವಭಾವ ಅವರದಲ್ಲ. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಹುಡುಗನ ಫೋನ್‌ನಲ್ಲಿ ಒಂದು ವಿಡಿಯೋ ನೋಡಿದ್ದಾರೆ. ಗಾಂಧಿ ಹತ್ತು ರೂಪಾಯಿ ಬೆಳ್ಳಿ ನಾಣ್ಯಕ್ಕೆ ಎರಡು ಲಕ್ಷ, ವೈಷ್ಣೋದೇವಿ ಐದು ರೂಪಾಯಿಗೆ ಐದು ಲಕ್ಷ ಅಂತ. ದೊಡ್ಡಪ್ಪ ಮೇಷ್ಟ್ರಾಗಿದ್ದವರು. ಅವರು ಕೂಡಿಟ್ಟಿದ್ದ ಹನ್ನೊಂದು ಗಾಂಧಿ ನಾಣ್ಯ ಡಬ್ಬಿಯಲ್ಲಿದ್ದವು. ಫೋನ್ ಮಾಡಿದರೆ ಆ ಕಡೆಯವನು ಬಹಳ ಮರ್ಯಾದೆಯಿಂದ "ಅಮ್ಮಾ" ಅಂತ ಮಾತಾಡಿ, ರಿಸರ್ವ್ ಬ್ಯಾಂಕಿನ ಮುದ್ರೆ ಇದ್ದ ಪತ್ರ ಕಳಿಸಿ, ರಿಜಿಸ್ಟ್ರೇಷನ್‌ಗೆ 2,500 ರೂಪಾಯಿ ಹಾಕಿ ಅಂದಿದ್ದಾನೆ.

ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಬಂತು. "ಇಪ್ಪತ್ತೆರಡು ಲಕ್ಷ ಆಗುತ್ತಂತಲ್ಲೋ. ನಿಂಗೆ ಈ ಕಾಯಿನ್‌ದು ಗೊತ್ತಲ್ಲ, ನಿಜಾನಾ?"

"ದುಡ್ಡು ಹಾಕಿದ್ಯಾ ದೊಡ್ಡಮ್ಮ?"

"ಇಲ್ಲ. ಆ ಹುಡುಗ ಬೆಳಗ್ಗೆ ಬರ್ತೀನಿ ಅಂದವ್ನೆ, ಅವ್ನ ಫೋನ್‌ಪೇಲಿ ಹಾಕ್ಸೋಣ ಅಂತ."

ಒಂದು ರಾತ್ರಿಯಲ್ಲಿ ಉಳಿದುಕೊಂಡಿತು. ಹಾಕಿದ್ದರೆ 2,500ಕ್ಕೆ ನಿಲ್ಲುತ್ತಿರಲಿಲ್ಲ. ಆಮೇಲೆ ಜಿಎಸ್‌ಟಿ, ಆಮೇಲೆ ಇನ್ಶೂರೆನ್ಸ್, ಆಮೇಲೆ ಕೊರಿಯರ್ ಹುಡುಗನ ಖರ್ಚು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ: ನಾವು ಹಳೆ ನೋಟು, ನಾಣ್ಯದ ವ್ಯಾಪಾರ ಮಾಡುವುದಿಲ್ಲ, ಅದಕ್ಕಾಗಿ ಯಾರ ಹತ್ತಿರವೂ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ. ಆದರೆ ಆ ಪ್ರಕಟಣೆ ಹಳ್ಳಿಗೆ ತಲುಪುವುದಿಲ್ಲ, ವಿಡಿಯೋ ತಲುಪುತ್ತೆ. ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಒಂದು ಫೋನ್ ಮಾಡಿ ಹೇಳಿ. ಮಾರುವವನು ಮೊದಲು ದುಡ್ಡು ಕೊಡಬೇಕಾದ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ.

ಮುಂದಿನ ಶನಿವಾರ ಚಿಕ್ಕಬಾಣಾವರದಲ್ಲೇ ರೈಲು ಹತ್ತಿ ತಿಪಟೂರಿಗೆ ಹೋದೆ. ದೊಡ್ಡಮ್ಮ ಅಷ್ಟರಲ್ಲಿ ಪೇಟೆಯ ಒಂದು ಬೆಳ್ಳಿ ಅಂಗಡಿಯಲ್ಲಿ ವಿಚಾರಿಸಿಯೂ ಬಂದಿದ್ದರು. ಅಲ್ಲಿ "ಇದು ಅರ್ಧ ಬೆಳ್ಳಿ" ಅಂದಿದ್ದರಂತೆ. 15 ಗ್ರಾಂನಲ್ಲಿ ಏಳೂವರೆ ಗ್ರಾಂಗೆ ಮಾತ್ರ ದುಡ್ಡು. ಗಾಂಧಿ ನಾಣ್ಯ 80 ಭಾಗದ್ದು, ಹನ್ನೆರಡು ಗ್ರಾಂ. ಒಂದು ನಾಣ್ಯಕ್ಕೆ ನಾಲ್ಕೂವರೆ ಗ್ರಾಂ ವ್ಯತ್ಯಾಸ, ಹನ್ನೊಂದಕ್ಕೆ ಹೆಚ್ಚುಕಡಿಮೆ ಐವತ್ತು ಗ್ರಾಂ. ಅಂಗಡಿಯವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ, ಬಿಡಿ. ಕೊಂಡವರು ಮಾಡುವುದು ಕರಗಿಸುವುದೇ, ಅದೂ ಸರಿಯಲ್ಲ. 2011ರ ನಾಣ್ಯ ಕಾಯ್ದೆ ಪ್ರಕಾರ ಸರ್ಕಾರಿ ನಾಣ್ಯ ಕರಗಿಸುವುದು ಅಪರಾಧ.

ಡಬ್ಬಿ ತೆಗೆದು ಮಂಚದ ಮೇಲೆ ಸುರಿದರು. ಆರು ನಾಣ್ಯ ಫಳಫಳ ಹೊಳೆಯುತ್ತಿದ್ದವು. ಐದು ಹಳೆ ಕಾಗದದಲ್ಲಿ ಸುತ್ತಿದ್ದವು, ಕಪ್ಪು-ನೀಲಿ ಬಣ್ಣಕ್ಕೆ ತಿರುಗಿದ್ದವು. ಹೊಳೆಯುತ್ತಿದ್ದ ಆರು ವರಮಹಾಲಕ್ಷ್ಮಿ ಕಲಶದ ಮುಂದೆ ಇಡುವವು. ಐವತ್ತು ವರ್ಷ, ವರ್ಷಕ್ಕೊಂದು ಸಲ ಹುಣಸೆಹಣ್ಣು, ಆಮೇಲಾಮೇಲೆ ಪೀತಾಂಬರಿ ಪುಡಿ. ಗಾಂಧಿಯ ಮುಖದ ಗೆರೆ ಸವೆದು ಹೋಗಿತ್ತು. ಸಂಗ್ರಹಕಾರರ ಲೆಕ್ಕದಲ್ಲಿ ಆ ಆರಕ್ಕೆ ಬೆಳ್ಳಿಯ ಬೆಲೆ ಮಾತ್ರ. ಕಪ್ಪಾಗಿದ್ದ ಐದು, ಯಾರೂ ಮುಟ್ಟದ ಆ ಐದು, ಅವಕ್ಕೆ ಬೆಲೆ. ಇದನ್ನು ದೊಡ್ಡಮ್ಮನಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

"ಕಪ್ಪಗಿರೋದಕ್ಕೆ ಜಾಸ್ತಿ, ತೊಳೆದಿರೋದಕ್ಕೆ ಕಮ್ಮಿನಾ? ನಿಮ್ ಬೆಂಗಳೂರು ಜನಕ್ಕೆ ಏನಾಗಿದೆ?"

ಎರಡು ಲಕ್ಷ ಅನ್ನುವ ಮಾತನ್ನು ಮರೆಸುವುದು ಅದಕ್ಕಿಂತ ಕಷ್ಟವಾಯಿತು. ಈ ನಾಣ್ಯ ಲಕ್ಷಗಟ್ಟಲೆ ಟಂಕಿಸಿದ್ದು, ಎಷ್ಟೋ ಮನೆಯ ಟ್ರಂಕಿನಲ್ಲಿದೆ, ಅಪರೂಪವಲ್ಲ ಅಂದಾಗ ಅವರ ಮುಖ ಸಪ್ಪೆಯಾಯಿತು. ನಾನು ಹೇಳಿದ ಸಾವಿರಗಳ ಲೆಕ್ಕ, ಆ ಲಕ್ಷಗಳ ಪಕ್ಕದಲ್ಲಿ ನಿಲ್ಲಿಸಿದರೆ ಏನೂ ಅಲ್ಲ. ಅವತ್ತು ಊಟ ಬಡಿಸುವಾಗಲೂ ಹೆಚ್ಚು ಮಾತಾಡಲಿಲ್ಲ. ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವರೇ ನಿರ್ಧಾರ ಹೇಳಿದರು: ಪೂಜೆಯ ಆರನ್ನು ಮಾರುವುದಿಲ್ಲ, ಕಪ್ಪಿನ ಐದನ್ನು ತೆಗೆದುಕೊಂಡು ಹೋಗು.

ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಕ್ಯಾರೆಟ್ ಮೀಟರ್‌ಗೆ ಇಡಿಸಿದೆ. ಕಿರಣ ಬಿಟ್ಟು ಲೋಹದ ಪಾಲು ಹೇಳುವ ಮೆಷಿನ್ ಅದು, ನಾಣ್ಯಕ್ಕೆ ಏನೂ ಆಗಲ್ಲ. ಬೆಳ್ಳಿ 80ರ ಹತ್ತಿರ ತೋರಿಸಿತು. ಆ ಚೀಟಿ ಹಿಡಿದು ನನಗೆ ಪರಿಚಯದ ಇಬ್ಬರು ಸಂಗ್ರಹಕಾರರಿಗೆ ತೋರಿಸಿದೆ. ಒಬ್ಬರು ಮೂರು, ಇನ್ನೊಬ್ಬರು ಎರಡು ತೆಗೆದುಕೊಂಡರು, ಬೆಳ್ಳಿಯ ಬೆಲೆಗಿಂತ ಒಳ್ಳೆಯ ಬೆಲೆಗೇ. ಹೊಸ ಮೋಟಾರ್‌ಗೆ ಸಾಲದು. ರೀವೈಂಡಿಂಗ್ ಮಾಡಿಸಿ, ಮೇಲೆತ್ತುವ ಕೂಲಿ ಕೊಟ್ಟು, ಸ್ವಲ್ಪ ಉಳಿಯಿತು. ತೋಟಕ್ಕೆ ನೀರು ಹೋಗುತ್ತಿದೆ. ಪೂಜೆಯ ನಾಣ್ಯಗಳನ್ನು ಇನ್ನು ಮೇಲೆ ಪುಡಿ ಹಾಕಿ ಉಜ್ಜಬೇಡ ದೊಡ್ಡಮ್ಮ ಅಂದಿದ್ದಕ್ಕೆ, "ಮಸಿ ಹಿಡಿದಿರೋ ಲಕ್ಷ್ಮೀನ ಯಾರಾದ್ರೂ ಪೂಜೆ ಮಾಡ್ತಾರೇನೋ?" ಅಂದರು. ಗಾಂಧಿ ಯಾವಾಗ ಲಕ್ಷ್ಮಿಯಾದರು ಅಂತ ನಾನು ಕೇಳಲು ಹೋಗಲಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಮಾತು. ಹಬ್ಬಕ್ಕೆ ಬ್ಯಾಂಕು, ಆಭರಣದಂಗಡಿಗಳು ಮಾರುವ ಲಕ್ಷ್ಮಿ-ಗಣೇಶನ ಬೆಳ್ಳಿ ಬಿಲ್ಲೆ ಕಾನೂನಿನ ಪ್ರಕಾರ ನಾಣ್ಯವಲ್ಲ. ಅದರ ಮೇಲೆ ಮುಖಬೆಲೆ ಇರಲ್ಲ, ಅಶೋಕ ಸ್ತಂಭ ಇರಲ್ಲ. ಒಳ್ಳೆಯ ಬೆಳ್ಳಿ ಇರಬಹುದು, ಬೇರೆ ಮಾತು. ಹೊಸ ನಾಣ್ಯ ಬೇಕಿದ್ದರೆ ಸರ್ಕಾರಿ ಟಂಕಸಾಲೆಯ ವೆಬ್‌ಸೈಟಿನಲ್ಲೇ ಬುಕ್ ಮಾಡಿ. ಹೆಸರಾಂತ ನಾಣ್ಯವಾದರೆ ಮೊದಲ ದಿನ ರಶ್ ಇರುತ್ತೆ. 2023ರ ಆಗಸ್ಟ್‌ನಲ್ಲಿ ಎನ್‌ಟಿಆರ್ ಶತಮಾನೋತ್ಸವದ ನೂರು ರೂಪಾಯಿ ಬಂದಾಗ ಹೈದರಾಬಾದಿನಲ್ಲಿ ಸಿನಿಮಾ ಟಿಕೆಟ್‌ಗೆ ನಿಂತ ಹಾಗೆ ಜನ ಕ್ಯೂ ನಿಂತಿದ್ದರು. ಹುಲಿ ಯೋಜನೆಯ ಐವತ್ತು ವರ್ಷದ ನಾಣ್ಯ ಬಿಡುಗಡೆಯಾಗಿದ್ದು ನಮ್ಮ ಮೈಸೂರಿನಲ್ಲೇ, ಅದೇ ವರ್ಷ ಏಪ್ರಿಲ್ 9ಕ್ಕೆ. ಅದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಹಳೆಯದಕ್ಕೆ ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಲ್ಲಿ ನಡೆಯುವ ನಾಣ್ಯ ಪ್ರದರ್ಶನಕ್ಕೆ ಹೋಗಿ. ಕೊಳ್ಳದಿದ್ದರೂ ಪರವಾಗಿಲ್ಲ, ನಾಲ್ಕು ಟೇಬಲ್ ಸುತ್ತಿ ಒಂದೇ ನಾಣ್ಯದ ಬೆಲೆ ಕೇಳಿ. ನಾಲ್ಕು ಬೇರೆ ಉತ್ತರ ಬರುತ್ತೆ, ಚೌಕಾಸಿಗೆ ಅಷ್ಟು ಸಾಕು. ತಂದ ಮೇಲೆ ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ಹಸಿರು ಜಿಡ್ಡು ಕಟ್ಟುತ್ತೆ. ಗಟ್ಟಿ ಕ್ಯಾಪ್ಸೂಲ್ ಸಿಗುತ್ತೆ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಂಚು ಹಿಡಿದು ಎತ್ತಿ.

ಕೆಳಗಿನ ಮನೆ ಅಂಕಲ್ ಈಗ ತಾವೂ ಒಂದು ನಾಣ್ಯ ಬೇಕು ಅಂತಿದ್ದಾರೆ. ಯಾವುದು ಅಂತ ಕೇಳಿದರೆ, "ಯಾವುದಾದ್ರೂ ಆಗ್ಲಿ, ಡೈ ಹೊಸದಿದ್ದಾಗ ಹೊಡೆದಿರಬೇಕು" ಅಂದರು. ಅಂಥದ್ದನ್ನು ಆರಿಸಲು ಮುಂದಿನ ಪ್ರದರ್ಶನಕ್ಕೆ ಅವರನ್ನೇ ಕರೆದುಕೊಂಡು ಹೋಗಬೇಕು. ಜಾಲಹಳ್ಳಿವರೆಗೆ ಅವರ ಸ್ಕೂಟರ್, ಅಲ್ಲಿಂದ ಮೆಟ್ರೋ.